ಸೂರಿನ ಕೆಳಗೆ ನಾಲ್ವರು

ಟೆನಿಸ್ ಡಬಲ್ಸ್ ಪಂದ್ಯ ನೋಡುವಾಗ ನನ್ನ ಕಣ್ಣು ಮೊದಲು ಹೋಗುವುದು ನೆಟ್ ಹತ್ತಿರ ಬಗ್ಗಿ ನಿಂತವಳ ಬೆನ್ನ ಹಿಂದಿನ ಕೈಗೆ. ಆ ಕೈ ಒಂದು ಗಳಿಗೆ ಮುಷ್ಟಿ ಕಟ್ಟುತ್ತದೆ, ಇಲ್ಲವೇ ಬೆರಳು ಬಿಚ್ಚುತ್ತದೆ. ಹಿಂದೆ ಬೇಸ್‌ಲೈನಿನಲ್ಲಿ ಚೆಂಡು ಪುಟಿಸುತ್ತಾ ನಿಂತ ಜೊತೆಗಾತಿ ಅದನ್ನು ಓದಿಕೊಂಡು ಸರ್ವ್ ಮಾಡುತ್ತಾಳೆ. ಮುಷ್ಟಿ ಎಂದರೆ ಸಾಮಾನ್ಯವಾಗಿ ‘ನಾನು ಜಾಗ ಬಿಡುವುದಿಲ್ಲ’ ಎಂದು. ಬಿಚ್ಚಿದ ಕೈ ಎಂದರೆ ‘ಅಡ್ಡ ನುಗ್ಗುತ್ತೇನೆ, ನಾನು ಬಿಟ್ಟ ಕಡೆಯನ್ನು ನೀನು ನೋಡಿಕೋ’ ಎಂದು. ಜೋಡಿಯಿಂದ ಜೋಡಿಗೆ ಈ ಸಂಜ್ಞೆ ಬೇರೆಯಾಗಬಹುದು. ಕೆಲವರು ಸಂಜ್ಞೆಯನ್ನೇ ಬಿಟ್ಟು, ಪ್ರತಿ ಪಾಯಿಂಟಿಗೂ ಮುನ್ನ ಹತ್ತಿರ ಬಂದು, ಬಾಯಿಗೆ ಚೆಂಡು ಅಡ್ಡ ಹಿಡಿದು ಪಿಸುಗುಟ್ಟುತ್ತಾರೆ. ಹೇಗಾದರೂ ಸರಿ, ಚೆಂಡು ಗಾಳಿಗೆ ಏರುವ ಮೊದಲೇ ಇಬ್ಬರ ನಡುವೆ ಒಂದು ಒಪ್ಪಂದ ಆಗಿರಬೇಕು.

ಆ ಒಪ್ಪಂದ ಎಷ್ಟು ಗಟ್ಟಿ ಎಂಬುದನ್ನು ನೋಡಬೇಕಾದರೆ ಒಳಾಂಗಣ ಟೂರ್ನಿಗಿಂತ ಒಳ್ಳೆಯ ಜಾಗ ಇಲ್ಲ ಎಂದು ನಾನು ನಂಬಿದ್ದೇನೆ. ವರ್ಷಗಟ್ಟಲೆ ಮಹಿಳಾ ಡಬಲ್ಸ್ ನೋಡಿ ಬೆಳೆದ ನಂಬಿಕೆ ಇದು. ವರ್ಷದ ನಾಲ್ಕು ದೊಡ್ಡ ಟೂರ್ನಿಗಳಾದ ಗ್ರ್ಯಾನ್‌ಸ್ಲಾಮ್‌ನ ದೊಡ್ಡ ಅಂಕಣಗಳಲ್ಲಿ ಬಿಸಿಲಿದೆ, ಗಾಳಿಯಿದೆ, ಮಳೆ ಬಂದು ನಿಂತ ಆಟವಿದೆ, ಆ ಎಲ್ಲದರ ಸೊಗಸೂ ಇದೆ. ಮುಚ್ಚಿದ ಸೂರಿನ ಕೆಳಗೆ ಅವು ಯಾವುವೂ ಇಲ್ಲ. ಅಲ್ಲಿ ಉಳಿಯುವುದು ನಾಲ್ವರು, ಒಂದು ಚೆಂಡು, ಮತ್ತು ಆ ನಾಲ್ವರು ಎರಡೆರಡಾಗಿ ಮಾಡಿಕೊಂಡ ನಿರ್ಧಾರಗಳು.

ಗಾಳಿಯಿಲ್ಲದಿರುವುದು ಸಣ್ಣ ಸಂಗತಿಯಲ್ಲ. ಹೊರಗೆ ಸರ್ವ್‌ಗೆ ಎಸೆದ ಚೆಂಡು ಗಾಳಿಗೆ ಒಂದು ಗೇಣು ಸರಿದರೂ ಸರ್ವ್ ಮಾಡುವವಳು ಕೈ ತಡೆದು ಮತ್ತೆ ಎಸೆಯುತ್ತಾಳೆ, ಇಲ್ಲವೇ ವೇಗ ತಗ್ಗಿಸಿ ಸುರಕ್ಷಿತವಾಗಿ ಹೊಡೆಯುತ್ತಾಳೆ. ಒಳಗೆ ಎಸೆದ ಚೆಂಡು ಎಸೆದಲ್ಲಿಗೇ ಬರುತ್ತದೆ. ಹಾಗಾಗಿ ಸರ್ವ್ ಹೆಚ್ಚು ನಿಖರವಾಗುತ್ತದೆ, ರಿಟರ್ನ್ ಕೂಡ ಅಷ್ಟೇ ಧೈರ್ಯದ್ದಾಗುತ್ತದೆ. ತಲೆಯ ಮೇಲೆ ಹಾದುಹೋಗುವಂತೆ ಲಾಬ್ ಎತ್ತಿದರೆ ನೆಟ್‌ನಲ್ಲಿರುವವಳ ಕಣ್ಣಿಗೆ ಸೂರ್ಯ ಹೊಡೆಯುವುದಿಲ್ಲ, ಬದಲಿಗೆ ಚಾವಣಿಯ ದೀಪಗಳ ಸಾಲಿನಲ್ಲಿ ಚೆಂಡನ್ನು ಹುಡುಕಬೇಕು. ಇನ್ನೊಂದು ನಿಯಮವನ್ನು ಬಹಳ ಮಂದಿ ಗಮನಿಸಿರುವುದಿಲ್ಲ. ಹೊಡೆದ ಚೆಂಡು ಎದುರಾಳಿಯ ಅಂಕಣದಲ್ಲಿ ಪುಟಿಯುವ ಮೊದಲು ಸೂರಿಗೋ ಅಲ್ಲಿ ತೂಗುಹಾಕಿದ ದೀಪಕ್ಕೋ ತಗುಲಿದರೆ, ಹೊಡೆದವಳಿಗೆ ಆ ಪಾಯಿಂಟ್ ಹೋಯಿತು. ದೊಡ್ಡ ಕ್ರೀಡಾಂಗಣಗಳ ಸೂರು ಎತ್ತರದಲ್ಲಿರುವುದರಿಂದ ಇದು ಅಪರೂಪ. ಚಿಕ್ಕ ಟೂರ್ನಿಗಳ ತಗ್ಗು ಸೂರಿನ ಹಾಲ್‌ಗಳಲ್ಲಿ ಮಾತ್ರ ಲಾಬ್ ಆಡುವವಳ ಮನಸ್ಸಿನ ಮೂಲೆಯಲ್ಲಿ ಆ ಸೂರು ಇದ್ದೇ ಇರುತ್ತದೆ.

ಸೂರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2023ರ ಡಬ್ಲ್ಯುಟಿಎ (ಮಹಿಳಾ ಟೆನಿಸ್ ಸಂಘ) ಫೈನಲ್ಸ್ ಸಾಕ್ಷಿ. ಮೆಕ್ಸಿಕೊದ ಕಾನ್‌ಕೂನ್‌ನಲ್ಲಿ ತಾತ್ಕಾಲಿಕವಾಗಿ ಕಟ್ಟಿದ ಬಯಲು ಅಂಕಣದಲ್ಲಿ ವರ್ಷದ ಕೊನೆಯ ದೊಡ್ಡ ಟೂರ್ನಿ ನಡೆಯಿತು. ಗಾಳಿ ಮತ್ತು ಮಳೆ ಎಷ್ಟು ಕಾಡಿದವೆಂದರೆ ಆಟಗಾರ್ತಿಯರೇ ಬಹಿರಂಗವಾಗಿ ಅಸಮಾಧಾನ ಹೇಳಿಕೊಂಡರು. ಮರುವರ್ಷ ಟೂರ್ನಿ ರಿಯಾದ್‌ನ ಒಳಾಂಗಣಕ್ಕೆ ಹೋಯಿತು. ಎರಡೂ ವರ್ಷದ ಡಬಲ್ಸ್ ಪಂದ್ಯಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಬೇರೆ ಬೇರೆ ಆಟವೇನೋ ಎನಿಸುತ್ತದೆ. ಕಾನ್‌ಕೂನ್‌ನಲ್ಲಿ ಚೆಂಡನ್ನು ಅಂಕಣದೊಳಗೆ ಇಡುವುದೇ ಸಾಹಸ. ರಿಯಾದ್‌ನಲ್ಲಿ ಚೆಂಡನ್ನು ಎಲ್ಲಿ ಇಡಬೇಕೆಂಬ ಯೋಚನೆಗೆ ಎಲ್ಲರಿಗೂ ಪುರುಸೊತ್ತು ಸಿಕ್ಕಿತು.

ಡಬಲ್ಸ್ ಎಲ್ಲರಿಗೂ ಒಂದೇ ಅಂಕಣ, ಹಾಗಿರುವಾಗ ಮಹಿಳೆಯರ ಡಬಲ್ಸೇ ಏಕೆ ಎಂದು ಕೇಳುವವರಿದ್ದಾರೆ. ಅಂಕಣದ ಉದ್ದ 23.77 ಮೀಟರ್, ಅಗಲ 10.97 ಮೀಟರ್. ಸಿಂಗಲ್ಸ್‌ಗಿಂತ ಎರಡೂ ಪಕ್ಕ 1.37 ಮೀಟರ್ ಹೆಚ್ಚು. ನೆಟ್ ನಡುವಿನಲ್ಲಿ ತಗ್ಗು, 0.914 ಮೀಟರ್, ಕಂಬಗಳ ಬಳಿ 1.07 ಮೀಟರ್. ಹಾಗಾಗಿ ಓರೆಯಾಗಿ ಹೊಡೆದ ಚೆಂಡಿಗೆ ನೆಟ್ ತಗ್ಗಾಗಿರುತ್ತದೆ, ಓಡಲು ಅಂಕಣವೂ ಉದ್ದವಾಗಿರುತ್ತದೆ. ನೇರ ಹೊಡೆದರೆ ಎರಡೂ ಕಡಿಮೆ. ಪುರುಷರ ಡಬಲ್ಸ್‌ನಲ್ಲಿ ಸರ್ವ್‌ನ ಬಲದಿಂದ ಬಹಳ ಪಾಯಿಂಟ್‌ಗಳು ಎರಡು ಮೂರು ಹೊಡೆತಗಳಲ್ಲೇ ಮುಗಿಯುತ್ತವೆ. ಮಹಿಳೆಯರಲ್ಲಿ ಸರ್ವ್ ಮಾಡಿದವಳು ಎಷ್ಟೋ ಬಾರಿ ಬೇಸ್‌ಲೈನಿನಲ್ಲೇ ಉಳಿಯುತ್ತಾಳೆ. ಎದುರು ಮೂಲೆಯವಳ ಜೊತೆ ಓರೆ ಹೊಡೆತಗಳ ವಿನಿಮಯ ಶುರುವಾಗುತ್ತದೆ. ನೆಟ್‌ನಲ್ಲಿರುವ ಇಬ್ಬರೂ ಪ್ರತಿ ಹೊಡೆತಕ್ಕೂ ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ ಸರಿಯುತ್ತಾ, ನುಗ್ಗಲೇ ಬೇಡವೇ ಎಂದು ಒಂದೊಂದು ಚೆಂಡಿಗೂ ತೀರ್ಮಾನಿಸುತ್ತಿರುತ್ತಾರೆ. ಒಂದೇ ಪಾಯಿಂಟ್‌ನಲ್ಲಿ ಹತ್ತು ಬಾರಿ ಬೇಡ ಎಂದುಕೊಂಡು ಹನ್ನೊಂದನೆಯದಕ್ಕೆ ನುಗ್ಗುವವಳ ತಾಳ್ಮೆಯನ್ನು ನೋಡಲು ಕಣ್ಣಿಗೆ ಸ್ವಲ್ಪ ಅಭ್ಯಾಸ ಬೇಕು. ಅಭ್ಯಾಸವಾದ ಮೇಲೆ ಚೆಂಡನ್ನು ಹೊಡೆಯುತ್ತಿರುವವರಿಗಿಂತ ಹೊಡೆಯದೆ ಕಾಯುತ್ತಿರುವವರ ಮೇಲೇ ನೋಟ ನಿಲ್ಲುತ್ತದೆ.

ಇನ್ನು ಇಬ್ಬರ ನಡುವೆ ಬರುವ ಚೆಂಡು. ಇದು ಯಾರದು? ನಡುವಿಗೆ ಫೋರ್‌ಹ್ಯಾಂಡ್ ಇರುವವಳದು ಎಂದು ಕೆಲವರು, ಚೆಂಡಿನ ಓರೆಗೆ ನಿಂತವಳದು ಎಂದು ಇನ್ನು ಕೆಲವರು ಮೊದಲೇ ಮಾತಾಡಿಕೊಂಡಿರುತ್ತಾರೆ. ಪಂದ್ಯ ಬಿಗಿಯಾದಾಗ ಮಾತಾಡಿಕೊಂಡದ್ದು ಮರೆತುಹೋಗುತ್ತದೆ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಚೆಂಡು ನಡುವೆ ಹಾದು ಹೋಗಿರುತ್ತದೆ. ಒಳಾಂಗಣದಲ್ಲಿ ಕಿವಿಗೂ ಕೆಲಸವಿದೆ. ರ‍್ಯಾಕೆಟ್‌ನ ನಟ್ಟನಡುವೆ ತಗುಲಿದ ಚೆಂಡಿನ ಸದ್ದು ಗೋಡೆಗೆ ಹೋಗಿ ಮರಳುತ್ತದೆ, ಅಂಚಿಗೆ ತಗುಲಿದ್ದರ ಸದ್ದು ಬೇರೆ. ‘ನನ್ನದು’, ‘ನಿನ್ನದು’, ‘ಬಿಡು’ ಎಂಬ ಕೂಗುಗಳು ಅವರವರ ಭಾಷೆಯಲ್ಲಿ ಕೇಳುತ್ತವೆ. ಬೇರೆ ಬೇರೆ ದೇಶದ ಜೋಡಿಯಾದರೆ ಹರಕು ಮುರುಕಾದರೂ ಒಂದು ಸಾಮಾನ್ಯ ಭಾಷೆ ಕಂಡುಕೊಂಡಿರುತ್ತಾರೆ. ಬಾಲ್ಯದಿಂದ ಜೊತೆಗಿರುವ ಜೋಡಿಗೆ ಅದೂ ಬೇಕಿಲ್ಲ. ಚೆಕ್‌ನ ಬಾರ್ಬೊರಾ ಕ್ರೆಜಿಕೋವಾ ಮತ್ತು ಕ್ಯಾಟರಿನಾ ಸಿನಿಯಾಕೋವಾ 2013ರಲ್ಲಿ ಜೂನಿಯರ್ ಆಗಿದ್ದಾಗಲೇ ಫ್ರೆಂಚ್, ವಿಂಬಲ್ಡನ್ ಮತ್ತು ಅಮೆರಿಕ ಓಪನ್‌ನ ಬಾಲಕಿಯರ ಡಬಲ್ಸ್ ಗೆದ್ದವರು. ಅವರಿಬ್ಬರೂ ನಡುವಿನ ಚೆಂಡಿಗೆ ಒಟ್ಟಿಗೆ ನುಗ್ಗುವುದನ್ನು ಅಪರೂಪಕ್ಕಷ್ಟೇ ಕಂಡಿದ್ದೇನೆ.

ಮಹಿಳಾ ವೃತ್ತಿಪರ ಟೆನಿಸ್ ಬೆಳೆದದ್ದರಲ್ಲಿ ಸೂರಿನ ಪಾಲು ದೊಡ್ಡದು. 1970ರಲ್ಲಿ ಹ್ಯೂಸ್ಟನ್‌ನಲ್ಲಿ ಬಿಲ್ಲಿ ಜೀನ್ ಕಿಂಗ್ ಸೇರಿ ಒಂಬತ್ತು ಆಟಗಾರ್ತಿಯರು ತಲಾ ಒಂದು ಡಾಲರ್‌ನ ಕರಾರಿಗೆ ಸಹಿ ಹಾಕಿ ಬೇರೆ ದಾರಿ ಹಿಡಿದರು. ಅದರ ಬೆನ್ನಲ್ಲೇ ಹುಟ್ಟಿದ ವರ್ಜೀನಿಯಾ ಸ್ಲಿಮ್ಸ್ ಸರಣಿ ಅಮೆರಿಕದ ಚಳಿಗಾಲದಲ್ಲಿ ಊರಿಂದೂರಿಗೆ, ಹಾಲ್‌ನಿಂದ ಹಾಲ್‌ಗೆ ಸುತ್ತಿತು. ಬೇರೆ ಆಟಗಳಿಗೆ ಕಟ್ಟಿದ ಕ್ರೀಡಾಂಗಣದಲ್ಲಿ ಸುರುಳಿ ಬಿಚ್ಚಿ ಹಾಸುವ ಕಾರ್ಪೆಟ್ಟೇ ಅಂಕಣ. ಆಟ ಮುಗಿದರೆ ಸುತ್ತಿಕೊಂಡು ಮುಂದಿನ ಊರಿಗೆ. ಹೆಣ್ಣುಮಕ್ಕಳ ಟೆನಿಸ್‌ಗೆ ಟಿಕೆಟ್ ಕೊಟ್ಟು ಜನ ಬರುತ್ತಾರೆಂದು ತೋರಿಸಿದ್ದು ಆ ಹಾಲ್‌ಗಳು. ಮುಂದೆ 1979ರಿಂದ 2000ದವರೆಗೆ ವರ್ಷಾಂತ್ಯದ ಚಾಂಪಿಯನ್‌ಷಿಪ್ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನೆಲೆ ನಿಂತಿತು. ಅಲ್ಲಿ ಡಬಲ್ಸ್ ಎಂದರೆ ಮಾರ್ಟಿನಾ ನವ್ರಾಟಿಲೋವಾ ಮತ್ತು ಪ್ಯಾಮ್ ಶ್ರೈವರ್. ಒಬ್ಬಳು ಎಡಗೈ, ಇನ್ನೊಬ್ಬಳು ನೀಳ ಕಾಯದ ಬಲಗೈ ಆಟಗಾರ್ತಿ. ಒಂದು ಗೇಮ್‌ನಲ್ಲಿ ಈ ಕಡೆ ತಿರುಗುವ ಸರ್ವ್, ಅವರ ಮುಂದಿನ ಸರ್ವ್ ಗೇಮ್‌ನಲ್ಲಿ ಆ ಕಡೆ ತಿರುಗುವುದು. ರಿಟರ್ನ್ ಮಾಡುವವರಿಗೆ ಒಂದು ಲಯ ಸಿಗುವಷ್ಟರಲ್ಲಿ ಸೆಟ್ಟೇ ಮುಗಿದಿರುತ್ತಿತ್ತು. 1983ರಿಂದ 1985ರವರೆಗೆ ಈ ಜೋಡಿ ಸತತ 109 ಪಂದ್ಯ ಗೆದ್ದಿತು. 1984ರಲ್ಲಿ ನಾಲ್ಕೂ ಗ್ರ್ಯಾನ್‌ಸ್ಲಾಮ್ ಅವರದೇ. ಆ ಸರಪಳಿ ಕೊನೆಗೂ ತುಂಡಾದದ್ದು ವಿಂಬಲ್ಡನ್ ಹುಲ್ಲಿನ ಮೇಲೆ, ಕ್ಯಾಥಿ ಜೋರ್ಡನ್ ಮತ್ತು ಲಿಜ್ ಸ್ಮೈಲಿ ಎದುರು. ಇಬ್ಬರೂ ಸೇರಿ ಗೆದ್ದ ಒಟ್ಟು ಪ್ರಶಸ್ತಿಗಳು 79. ಡಬ್ಲ್ಯುಟಿಎ ಫೈನಲ್ಸ್‌ನ ಡಬಲ್ಸ್ ಟ್ರೋಫಿಗೆ ಈಗ ನವ್ರಾಟಿಲೋವಾ ಹೆಸರಿದೆ. ಸಿಂಗಲ್ಸ್ ಟ್ರೋಫಿಗೆ ಬಿಲ್ಲಿ ಜೀನ್ ಕಿಂಗ್ ಹೆಸರು.

ಕಾರ್ಪೆಟ್ ಈಗ ದೊಡ್ಡ ಟೂರ್ನಿಗಳಿಂದ ಮರೆಯಾಗಿದೆ. ಹೆಚ್ಚಿನವು ಹಾರ್ಡ್‌ಕೋರ್ಟ್. ಜರ್ಮನಿಯ ಸ್ಟುಟ್‌ಗಾರ್ಟ್ ಮಾತ್ರ 2009ರಿಂದ ಸೂರಿನ ಕೆಳಗೆ ಕೆಂಪು ಮಣ್ಣು ಹಾಸುತ್ತದೆ. ಗಾಳಿಯೂ ಇಲ್ಲ, ಚೆಂಡಿಗೆ ಅವಸರವೂ ಇಲ್ಲ ಎಂಬ ಆ ವಿಚಿತ್ರ ಬೆರಕೆ ನನಗೆ ತುಂಬಾ ಇಷ್ಟ.

ನಮ್ಮಲ್ಲಿ ಮಹಿಳಾ ಡಬಲ್ಸ್ ಬಗ್ಗೆ ಮಾತು ಎತ್ತಿದರೆ ಅದು ಸಾನಿಯಾ ಮಿರ್ಜಾಗೆ ಬಂದೇ ಬರುತ್ತದೆ, ಬರಲೇಬೇಕು. ಸಾನಿಯಾ ಕತೆಯ ಮುಖ್ಯ ತಿರುವುಗಳು ಸೂರಿನ ಕೆಳಗೆ ನಡೆದವು ಎಂಬುದನ್ನು ಯಾರೂ ಅಷ್ಟಾಗಿ ಹೇಳಿದ್ದಿಲ್ಲ. 2014ರ ಅಕ್ಟೋಬರ್, ಸಿಂಗಪುರದ ಇಂಡೋರ್ ಸ್ಟೇಡಿಯಂ, ಡಬ್ಲ್ಯುಟಿಎ ಫೈನಲ್ಸ್. ಜೊತೆಗಾತಿ ಜಿಂಬಾಬ್ವೆಯ ಕಾರಾ ಬ್ಲ್ಯಾಕ್. ಈ ಟೂರ್ನಿ ಮುಗಿದ ಮೇಲೆ ತಾವು ಬೇರೆಯಾಗುತ್ತೇವೆ ಎಂದು ಇಬ್ಬರಿಗೂ ಗೊತ್ತಿತ್ತು. ಫೈನಲ್‌ನಲ್ಲಿ ಎದುರಿಗಿದ್ದವರು ಹಿಂದಿನ ವರ್ಷದ ಚಾಂಪಿಯನ್ನರಾದ ಶಿಯೆ ಸು ವೀ ಮತ್ತು ಪೆಂಗ್ ಶುವಾಯ್. ಸ್ಕೋರು 6–1, 6–0. ಬೇರೆಯಾಗುವುದು ಖಚಿತವಾಗಿದ್ದ ಜೋಡಿ ಅಷ್ಟು ಚೆನ್ನಾಗಿ ಆಡಿದ್ದು ಹೇಗೆ ಎಂದು ನಾನು ಬಹಳ ಯೋಚಿಸಿದ್ದೇನೆ. ಇನ್ನು ಮುಂದೆ ಒಬ್ಬರನ್ನೊಬ್ಬರು ಮೆಚ್ಚಿಸುವ, ತಿದ್ದುವ, ಉಳಿಸಿಕೊಳ್ಳುವ ಭಾರ ಇರಲಿಲ್ಲ, ಉಳಿದದ್ದು ಆಟ ಮಾತ್ರ. ಅದೇ ಇರಬೇಕು ಎಂದು ನನಗನ್ನಿಸುತ್ತದೆ. ಆಮೇಲೆ 2015ರ ಆರಂಭದಲ್ಲಿ ಸಾನಿಯಾ ಜೊತೆಗೂಡಿದ್ದು ಯಾರ ಜೊತೆ ಗೊತ್ತೇ? ಆ ಫೈನಲ್‌ನಲ್ಲಿ ಸೋತ ಶಿಯೆ ಸು ವೀ ಜೊತೆ. ಡಬಲ್ಸ್ ಲೋಕದಲ್ಲಿ ಇದು ಯಾರಿಗೂ ಅಚ್ಚರಿಯಲ್ಲ. ಎದುರು ನಿಂತು ಆಡಿದವಳಷ್ಟು ಚೆನ್ನಾಗಿ ನಿಮ್ಮ ಆಟವನ್ನು ಬಲ್ಲವರು ಇನ್ಯಾರು?

ಆ ಜೋಡಿ ಬಹಳ ದಿನ ನಡೆಯಲಿಲ್ಲ. ಮಾರ್ಚ್ ಹೊತ್ತಿಗೆ ಸಾನಿಯಾ ಪಕ್ಕದಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್ ಇದ್ದರು. ಸಾನಿಯಾರ ಫೋರ್‌ಹ್ಯಾಂಡ್ ಬಿರುಸು, ನೆಟ್‌ನಲ್ಲಿ ಹಿಂಗಿಸ್‌ರ ಕೈಚಳಕ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತಿತ್ತು. ಏಪ್ರಿಲ್‌ನಲ್ಲಿ ಸಾನಿಯಾ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದರು. ಅದೇ ವರ್ಷ ಇಬ್ಬರೂ ಒಟ್ಟಿಗೆ ಒಂಬತ್ತು ಪ್ರಶಸ್ತಿ ಗೆದ್ದರು. ಒಂಬತ್ತನೆಯದು ಅದೇ ಸಿಂಗಪುರದ ಸೂರಿನ ಕೆಳಗೆ, ಗಾರ್ಬಿನೆ ಮುಗುರುಜಾ ಮತ್ತು ಕಾರ್ಲಾ ಸ್ವಾರೆಜ್ ನವಾರೊ ಎದುರು, 6–0, 6–3. ಮರುವರ್ಷ ಫೆಬ್ರುವರಿಯಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಒಳಾಂಗಣ ಟೂರ್ನಿಯನ್ನೂ ಗೆದ್ದು ಸತತ ಗೆಲುವಿನ ಸಂಖ್ಯೆಯನ್ನು ಏರಿಸಿಕೊಂಡರು. ಅದು 41ಕ್ಕೆ ನಿಂತದ್ದು ದೋಹಾದ ಬಯಲು ಅಂಕಣದಲ್ಲಿ, ಎಲೆನಾ ವೆಸ್ನಿನಾ ಮತ್ತು ದಾರಿಯಾ ಕಸತ್ಕಿನಾ ಎದುರು.

ಈ ಜೋಡಿಯ ವಿಂಬಲ್ಡನ್ ಫೈನಲ್ ಕೂಡ ಒಂದು ಲೆಕ್ಕದಲ್ಲಿ ಒಳಾಂಗಣ ಪಂದ್ಯವೇ. 2015ರ ಜುಲೈ, ಎದುರಿಗೆ ಎಕಟೆರಿನಾ ಮಕರೋವಾ ಮತ್ತು ವೆಸ್ನಿನಾ. ಮೊದಲ ಸೆಟ್ 5–7ರಲ್ಲಿ ಸೋತು, ಎರಡನೆಯದನ್ನು 6–6ರ ಸಮದ ನಂತರದ ಟೈಬ್ರೇಕ್‌ನಲ್ಲಿ ಗೆದ್ದು, ಮೂರನೆಯದರಲ್ಲಿ 2–5 ಹಿಂದೆ. ಅಲ್ಲಿಂದ 5–5ಕ್ಕೆ ಬಂದಾಗ ಕತ್ತಲಾಗುತ್ತಿತ್ತು. ಆಟ ನಿಲ್ಲಿಸಿ ಸೆಂಟರ್ ಕೋರ್ಟಿನ ಸೂರು ಮುಚ್ಚಿ ದೀಪ ಹಾಕಿದರು. ಮರಳಿ ಬಂದ ಮೇಲೆ ನಡೆದದ್ದು ಎರಡೇ ಗೇಮ್, ಎರಡೂ ಹಿಂಗಿಸ್–ಸಾನಿಯಾ ಪಾಲಾದವು. ಸಾನಿಯಾಗೆ ಅದು ಮಹಿಳಾ ಡಬಲ್ಸ್‌ನ ಮೊದಲ ಗ್ರ್ಯಾನ್‌ಸ್ಲಾಮ್. ನಡುವಿನ ವಿರಾಮ ಗೆಲುವಿನ ಅಲೆಯಲ್ಲಿದ್ದ ಜೋಡಿಗೇ ಅಡ್ಡಿಯಾಗಬೇಕಿತ್ತು ಎಂದು ಎಲ್ಲರೂ ಅಂದುಕೊಳ್ಳುವ ಹೊತ್ತು ಅದು. ಆಗಲಿಲ್ಲ. ಸೂರು ಮುಚ್ಚಿದ ಅಂಕಣದಲ್ಲಿ ಅವರ ರಿಟರ್ನ್‌ಗಳು ಇನ್ನಷ್ಟು ಗಟ್ಟಿಯಾಗಿ ಕೇಳಿಸಿದವು ಎಂದೇ ನನ್ನ ನೆನಪು.

ಈಗ ನನಗೆ ಬೇಸರ ತರಿಸುವ ವಿಷಯಕ್ಕೆ ಬರುತ್ತೇನೆ. ಗ್ರ್ಯಾನ್‌ಸ್ಲಾಮ್ ಬಿಟ್ಟರೆ ಟೂರ್‌ನ ಮಹಿಳಾ ಡಬಲ್ಸ್‌ನಲ್ಲಿ ಮೂರನೇ ಸೆಟ್ ಇಲ್ಲ. ತಲಾ ಒಂದು ಸೆಟ್ ಆದರೆ ಹತ್ತು ಪಾಯಿಂಟ್‌ನ ಸೂಪರ್ ಟೈಬ್ರೇಕ್. ಮೊದಲು ಹತ್ತು ಮುಟ್ಟಿದವರು, ಕನಿಷ್ಠ ಎರಡರ ಅಂತರದಲ್ಲಿ. 2016ರ ಸ್ಟುಟ್‌ಗಾರ್ಟ್ ಫೈನಲ್‌ನಲ್ಲಿ ಹಿಂಗಿಸ್–ಸಾನಿಯಾ ಮೊದಲ ಸೆಟ್ಟನ್ನು 6–2ರಿಂದ ಗೆದ್ದು, ಎರಡನೆಯದನ್ನು 1–6ರಿಂದ ಕಳೆದುಕೊಂಡು, ಕೊನೆಗೆ 6–10ರಲ್ಲಿ ಕರೊಲಿನ್ ಗಾರ್ಸಿಯಾ ಮತ್ತು ಕ್ರಿಸ್ಟಿನಾ ಮ್ಲಾಡೆನೋವಿಕ್‌ಗೆ ಸೋತರು. ಗೆದ್ದವರ ಯೋಗ್ಯತೆ ದೊಡ್ಡದೇ, ಮುಂದೆ ಅವರು ಆ ವರ್ಷದ ಫ್ರೆಂಚ್ ಓಪನ್ ಕೂಡ ಗೆದ್ದರು. ನನ್ನ ತಕರಾರು ನಿಯಮದ ಜೊತೆ. ಒಳಾಂಗಣದಲ್ಲಿ ಎರಡು ಜೋಡಿಗಳು ಒಬ್ಬರನ್ನೊಬ್ಬರು ಓದಿಕೊಳ್ಳಲು ಸಮಯ ಹಿಡಿಯುತ್ತದೆ. ಯಾರು ಯಾವಾಗ ನುಗ್ಗುತ್ತಾರೆ, ಯಾರ ಎರಡನೇ ಸರ್ವ್ ಎಲ್ಲಿ ಬೀಳುತ್ತದೆ, ಒತ್ತಡದಲ್ಲಿ ಯಾರ ಕೈ ಬಿಗಿಯುತ್ತದೆ ಎಂಬುದು ಎರಡು ಸೆಟ್ ಕಳೆದ ಮೇಲೆಯೇ ತಿಳಿಯುವುದು. ಆ ತಿಳಿವಳಿಕೆ ಬಳಸಿಕೊಳ್ಳಬೇಕಾದ ಹೊತ್ತಿಗೆ ಆಟವನ್ನೇ ಕತ್ತರಿಸಿ ಬಿಡುತ್ತಾರೆ. ವೇಳಾಪಟ್ಟಿಗೆ ಅನುಕೂಲ, ಸಿಂಗಲ್ಸ್ ಕೂಡ ಆಡುವವರಿಗೆ ಆಯಾಸ ಕಡಿಮೆ, ದೊಡ್ಡ ಹೆಸರುಗಳು ಡಬಲ್ಸ್‌ಗೆ ಬರಲಿ ಎಂಬ ಆಸೆ, ಇವೆಲ್ಲ ಕಾರಣಗಳೂ ಇವೆ. ಮೊದಲ ಸುತ್ತಿಗೆ ಒಪ್ಪುತ್ತೇನೆ. ಫೈನಲ್‌ಗಾದರೂ ಪೂರ್ತಿ ಮೂರನೇ ಸೆಟ್ ಬೇಕು.

ಇದೇ ಹೊಸ ಪದ್ಧತಿಯ ಇನ್ನೊಂದು ನಿಯಮ ಮಾತ್ರ ನನಗೆ ಹಿಡಿಸಿದೆ. ಗೇಮ್ 40–40ರಲ್ಲಿ ಸಮವಾಗಿ ಡ್ಯೂಸ್ ಆದರೆ ಅಡ್ವಾಂಟೇಜ್ ಇಲ್ಲ, ಒಂದೇ ಪಾಯಿಂಟ್, ಗೆದ್ದವರಿಗೆ ಗೇಮ್. ಆ ಪಾಯಿಂಟ್‌ಗೆ ಯಾವ ಪಕ್ಕದಿಂದ ರಿಟರ್ನ್ ಮಾಡಬೇಕೆಂದು ರಿಟರ್ನ್ ಜೋಡಿಯೇ ಆರಿಸಿಕೊಳ್ಳಬಹುದು. ಅಂದರೆ ಇಬ್ಬರಲ್ಲಿ ಯಾರು ಎದುರಿಸುವುದು ಎಂಬ ತೀರ್ಮಾನ. ಟಿವಿಯಲ್ಲಿ ಈ ಹತ್ತು ಸೆಕೆಂಡನ್ನು ನಾನು ಕಣ್ಣು ಮಿಟುಕಿಸದೆ ನೋಡುತ್ತೇನೆ. ಕೆಲವು ಜೋಡಿಗಳಲ್ಲಿ ಹಿರಿಯಳು ಏನೂ ಮಾತಾಡದೆ ಮುಂದೆ ನಡೆಯುತ್ತಾಳೆ. ಕೆಲವರಲ್ಲಿ ಹಿಂದಿನ ಗೇಮ್‌ನಲ್ಲಿ ಸುಲಭದ ರಿಟರ್ನ್ ತಪ್ಪಿಸಿದವಳೇ ‘ನಾನು ತೆಗೆದುಕೊಳ್ಳುತ್ತೇನೆ’ ಎನ್ನುತ್ತಾಳೆ, ಜೊತೆಗಾತಿ ಮರುಮಾತಿಲ್ಲದೆ ನೆಟ್ ಕಡೆ ಹೋಗುತ್ತಾಳೆ. ಒಂದು ಜೋಡಿಯೊಳಗೆ ಯಾರಿಗೆ ಯಾರ ಮೇಲೆ ಎಷ್ಟು ಭರವಸೆ ಎಂಬುದು ಆಗ ಬಯಲಾಗುತ್ತದೆ.

ಸೂಪರ್ ಟೈಬ್ರೇಕ್ ಬಗ್ಗೆ ಇಷ್ಟೆಲ್ಲ ಹೇಳಿದ ಮೇಲೆ, ನನ್ನ ವಾದವನ್ನೇ ಅಲ್ಲಾಡಿಸುವ ಪಂದ್ಯವನ್ನೂ ಹೇಳಬೇಕು. 2022ರ ಡಬ್ಲ್ಯುಟಿಎ ಫೈನಲ್ಸ್, ಅಮೆರಿಕದ ಫೋರ್ಟ್‌ವರ್ತ್. ಕ್ರೆಜಿಕೋವಾ–ಸಿನಿಯಾಕೋವಾ ಆ ವರ್ಷ ಆಸ್ಟ್ರೇಲಿಯಾ, ವಿಂಬಲ್ಡನ್, ಅಮೆರಿಕ ಮೂರೂ ಓಪನ್ ಗೆದ್ದು ಬಂದಿದ್ದರು, ಫೈನಲ್ಸ್‌ನ ಹಾಲಿ ಚಾಂಪಿಯನ್ನರೂ ಅವರೇ. ಎದುರಿಗೆ ವೆರೋನಿಕಾ ಕುದೆರ್ಮೆಟೋವಾ ಮತ್ತು ಬೆಲ್ಜಿಯಂನ ಎಲೀಸ್ ಮರ್ಟೆನ್ಸ್. ಮೊದಲ ಸೆಟ್ 6–2 ಇವರಿಗೆ, ಎರಡನೆಯದು 6–4 ಚೆಕ್ ಜೋಡಿಗೆ. ಸೂಪರ್ ಟೈಬ್ರೇಕ್‌ನಲ್ಲಿ ಚೆಕ್ ಜೋಡಿ 7–2 ಮುಂದಿತ್ತು. ಇನ್ನು ಮೂರೇ ಪಾಯಿಂಟ್. ಎದ್ದು ಹೋಗಬಹುದಾಗಿದ್ದ ಹೊತ್ತು ಅದು. ಅಲ್ಲಿಂದ ಕುದೆರ್ಮೆಟೋವಾ ಮತ್ತು ಮರ್ಟೆನ್ಸ್ ಅವಸರ ಮಾಡಲಿಲ್ಲ. ಒಂದೊಂದೇ ಪಾಯಿಂಟ್ ಹಿಂದಕ್ಕೆ ಎಳೆದುಕೊಂಡು, 11–9ರಲ್ಲಿ ಪಂದ್ಯ ಮುಗಿಸಿದರು. ಪೂರ್ತಿ ಸೆಟ್ ಆಗಿದ್ದರೆ ಅಷ್ಟು ಅಂತರದ ಮುನ್ನಡೆಯನ್ನು ಆ ಚೆಕ್ ಜೋಡಿ ಬಿಟ್ಟುಕೊಡುತ್ತಿತ್ತೇ? ಬಹುಶಃ ಇಲ್ಲ. ಹಾಗಾದರೆ ಅನ್ಯಾಯವಾಯಿತೇ? ಹಾಗೆನ್ನಲು ನನಗೆ ಬಾಯಿ ಬರುವುದಿಲ್ಲ. ಒಂದು ಚೆಂಡು ಕೈ ತಪ್ಪಿದರೂ ಎಲ್ಲ ಮುಗಿಯುವ ಹೊತ್ತಿನಲ್ಲಿ ಇಬ್ಬರು ಒಬ್ಬರನ್ನೊಬ್ಬರು ಹಾಗೆ ಹಿಡಿದು ನಿಲ್ಲಿಸಿದ್ದನ್ನು ಕಂಡ ಮೇಲೆ ತಕರಾರು ಹೇಳುವುದು ಕಷ್ಟ.

ಆ ಟೂರ್ನಿಯ ಮೊದಲ ದಿನಗಳಲ್ಲಿ ಖಾಲಿ ಕುರ್ಚಿಗಳ ಸಾಲುಗಳೇ ಸುದ್ದಿಯಾಗಿದ್ದವು. ಒಳಾಂಗಣದಲ್ಲಿ ಖಾಲಿ ಕುರ್ಚಿ ಹೊರಗಿನದಕ್ಕಿಂತ ಹೆಚ್ಚು ಕಣ್ಣಿಗೆ ಹೊಡೆಯುತ್ತದೆ, ಚಪ್ಪಾಳೆ ಗೋಡೆಗೆ ತಾಗಿ ಬಡಕಲಾಗಿ ವಾಪಸು ಬರುತ್ತದೆ. ಡಬಲ್ಸ್‌ಗೆ ಈ ಪಾಡು ಹೊಸದಲ್ಲ. ಎಷ್ಟೋ ಟೂರ್ನಿಗಳಲ್ಲಿ ಡಬಲ್ಸ್ ಪಂದ್ಯ ಇಡುವುದು ದಿನದ ಕೊನೆಯ ಸಿಂಗಲ್ಸ್ ಮುಗಿದ ಮೇಲೆ, ಜನ ಮನೆಗೆ ಹೊರಟ ಮೇಲೆ. ಇಲ್ಲವೇ ಬೆಳಿಗ್ಗೆ, ಜನ ಬರುವ ಮುನ್ನ. ಬಹುಮಾನದ ಹಣವೂ ಸಿಂಗಲ್ಸ್‌ನ ಸಣ್ಣದೊಂದು ಪಾಲು, ಅದನ್ನೂ ಇಬ್ಬರು ಹಂಚಿಕೊಳ್ಳಬೇಕು. ಹದಿನಾರು ಜೋಡಿಗಳ ಡ್ರಾದಲ್ಲಿ ಮೊದಲ ಸುತ್ತಿಗೇ ಸೋತವರಿಗೆ ಸಿಗುವ ಹಣದಿಂದ ವಿಮಾನದ ಖರ್ಚು, ಕೋಚ್‌ನ ಖರ್ಚು ಕಳೆದರೆ ಉಳಿಯುವುದೇನು ಎಂದು ಯೋಚಿಸಿದರೆ, ಡಬಲ್ಸ್ ಒಂದನ್ನೇ ನಂಬಿಕೊಂಡ ಆಟಗಾರ್ತಿಯರ ಮೇಲೆ ಗೌರವ ಹೆಚ್ಚುತ್ತದೆ. ಟಿವಿಯವರದೂ ತಪ್ಪಿದೆ. ಎತ್ತರದ ಕ್ಯಾಮೆರಾ ಒಂದರಿಂದ ಪೂರ್ತಿ ಪಂದ್ಯ ತೋರಿಸಿದರೆ ಬೆನ್ನ ಹಿಂದಿನ ಆ ಕೈ ಕಾಣುವುದಿಲ್ಲ, ಆ ಪಿಸುಮಾತಿನ ಹೊತ್ತಿನಲ್ಲಿ ಹಿಂದಿನ ಪಾಯಿಂಟ್‌ನ ಮರುಪ್ರಸಾರ ಬರುತ್ತದೆ. ಸರ್ವ್ ಮಾಡುವವಳ ಹಿಂದೆ, ಆಳೆತ್ತರದಲ್ಲಿ ಒಂದು ಕ್ಯಾಮೆರಾ ಇಟ್ಟು, ಪಾಯಿಂಟ್‌ಗಳ ನಡುವೆ ಅದನ್ನು ತೋರಿಸಲಿ. ಅಂಕಣದ ಮೈಕ್ ಸದ್ದು ಏರಿಸಲಿ. ಇಷ್ಟು ಮಾಡಿದರೆ ಡಬಲ್ಸ್ ಅರ್ಥವಾಗುವುದಿಲ್ಲ ಎನ್ನುವವರ ಸಂಖ್ಯೆ ಅರ್ಧ ಕಡಿಮೆಯಾಗುತ್ತದೆ ಎಂಬ ಭರವಸೆ ನನಗಿದೆ.

ಜನ ತುಂಬಿದ ಒಳಾಂಗಣದಲ್ಲಿ ಡಬಲ್ಸ್ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ದೇಶಗಳ ಮಹಿಳಾ ತಂಡಗಳು ಆಡುವ ಬಿಲ್ಲಿ ಜೀನ್ ಕಿಂಗ್ ಕಪ್ ನೋಡಬೇಕು. ಅಲ್ಲಿ ಎರಡು ಸಿಂಗಲ್ಸ್, ಒಂದು ಡಬಲ್ಸ್. ಸಿಂಗಲ್ಸ್ 1–1 ಆದರೆ ಎರಡು ದೇಶಗಳ ಹಣೆಬರಹ ಡಬಲ್ಸ್ ಮೇಲೆ. 2024ರ ನವೆಂಬರ್‌ನಲ್ಲಿ ಸ್ಪೇನ್‌ನ ಮಲಗಾದಲ್ಲಿ ಇಟಲಿ–ಪೋಲೆಂಡ್ ಸೆಮಿಫೈನಲ್ ಹಾಗೇ ಆಯಿತು. ಪೋಲೆಂಡ್ ಪರ ಇಗಾ ಸ್ವಿಯಾಟೆಕ್ ಅದೇ ದಿನ ಸಿಂಗಲ್ಸ್‌ನಲ್ಲಿ ಜಾಸ್ಮಿನ್ ಪಾವೊಲಿನಿಯನ್ನು ಸೋಲಿಸಿ, ಕಟಾರ್ಜಿನಾ ಕಾವಾ ಜೊತೆ ಡಬಲ್ಸ್‌ಗೂ ಇಳಿದರು. ಆ ಹೊತ್ತಿಗೆ ಸ್ವಿಯಾಟೆಕ್ ಬಳಿ ಐದು ಸಿಂಗಲ್ಸ್ ಗ್ರ್ಯಾನ್‌ಸ್ಲಾಮ್ ಇದ್ದವು. ಇಟಲಿ ಕಡೆ ಪಾವೊಲಿನಿ ಮತ್ತು ಸಾರಾ ಎರಾನಿ. ಎರಾನಿಗೆ ಆಗ 37 ವರ್ಷ, ಎತ್ತರ ಐದೂವರೆ ಅಡಿಯನ್ನೂ ಮುಟ್ಟುವುದಿಲ್ಲ, ಸರ್ವ್ ಟೂರ್‌ನ ಅತಿ ನಿಧಾನದ ಸರ್ವ್‌ಗಳಲ್ಲಿ ಒಂದು. ಆದರೆ ಡಬಲ್ಸ್ ಅಂಕಣದಲ್ಲಿ ಚೆಂಡು ಎಲ್ಲಿಗೆ ಬರುತ್ತದೆ ಎಂಬುದು ಎರಾನಿಗೆ ಎದುರಾಳಿಗಿಂತ ಮೊದಲೇ ಗೊತ್ತಿರುತ್ತದೆ. ಹಿಂದೆ ರಾಬರ್ಟಾ ವಿಂಚಿ ಜೊತೆ ನಾಲ್ಕೂ ಗ್ರ್ಯಾನ್‌ಸ್ಲಾಮ್ ಗೆದ್ದ ಅನುಭವ ಅದು. ಕೆಲವೇ ತಿಂಗಳ ಹಿಂದೆ ಪಾವೊಲಿನಿ ಜೊತೆ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನವನ್ನೂ ಗೆದ್ದಿದ್ದರು. ಮಲಗಾದಲ್ಲಿ ಸ್ಕೋರು 7–5, 7–5. ಒಂದು ಹೊಡೆತಕ್ಕೆ ಒಂದು ಹೊಡೆತ ಎಂದು ಲೆಕ್ಕ ಹಾಕಿದರೆ ಸ್ವಿಯಾಟೆಕ್ ಕೈಯ ಚೆಂಡಿನಷ್ಟು ಬಿರುಸು ಅಂಕಣದಲ್ಲಿ ಇನ್ನಾರದೂ ಇರಲಿಲ್ಲ. ಇಟಲಿಯವರು ಆ ಬಿರುಸಿಗೆ ಎದುರು ನಿಲ್ಲಲೇ ಇಲ್ಲ. ಲಾಬ್ ಎತ್ತಿ, ನಡುವೆ ಚೆಂಡು ತೂರಿಸಿ, ಇಬ್ಬರೂ ಒಟ್ಟಿಗೆ ಸರಿದು, ಒಟ್ಟಿಗೆ ಹಿಂದೆ ಬಂದು, ಚೆಂಡು ಬರಬೇಕಾದ ಜಾಗವನ್ನು ತಾವೇ ತೀರ್ಮಾನಿಸಿದರು. ನಂತರ ಸ್ಲೊವಾಕಿಯಾವನ್ನೂ ಸೋಲಿಸಿ ಕಪ್ ಎತ್ತಿದರು. ಡಬಲ್ಸ್ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ಸೆಮಿಫೈನಲ್ ನೋಡಲು ಹೇಳುತ್ತೇನೆ.

ಜೋಡಿಗಳು ಒಡೆಯುವುದರ ಬಗ್ಗೆಯೂ ಒಂದು ಮಾತು. ಹೊರಗಿನವರಿಗೆ ಇದು ಜಗಳದಂತೆ ಕಾಣುತ್ತದೆ, ಸುದ್ದಿಯೂ ಹಾಗೇ ಬರುತ್ತದೆ. ಹಿಂಗಿಸ್–ಸಾನಿಯಾ 2016ರ ಆಗಸ್ಟ್‌ನಲ್ಲಿ ಬೇರೆಯಾದರು. ಅದೇ ತಿಂಗಳು ಸಿನ್ಸಿನಾಟಿ ಟೂರ್ನಿ, ಅದರ ಫೈನಲ್‌ನಲ್ಲೇ ಇಬ್ಬರೂ ಎದುರಾಳಿಗಳು. ಬಾರ್ಬೊರಾ ಸ್ಟ್ರೈಕೋವಾ ಜೊತೆಗಿದ್ದ ಸಾನಿಯಾ ಗೆದ್ದರು. ಆಮೇಲೆ ಅಕ್ಟೋಬರ್‌ನಲ್ಲಿ ಸಿಂಗಪುರದ ಫೈನಲ್ಸ್‌ಗೆ ಇಬ್ಬರೂ ಮತ್ತೆ ಜೋಡಿಯಾಗಿಯೇ ಬಂದರು, ಏಕೆಂದರೆ ವರ್ಷದ ಮೊದಲಾರ್ಧದಲ್ಲಿ ಒಟ್ಟಿಗೆ ಗಳಿಸಿದ ಅಂಕಗಳೇ ಅವರನ್ನು ಅಲ್ಲಿಗೆ ಕರೆತಂದಿದ್ದವು. ಸೆಮಿಫೈನಲ್‌ವರೆಗೆ ಹೋದರು, ಮಕರೋವಾ–ವೆಸ್ನಿನಾಗೆ ಸೋತರು. ವಿಂಬಲ್ಡನ್ನಿನ ಆ ಫೈನಲ್‌ನಲ್ಲಿ ಸೋತಿದ್ದ ಜೋಡಿಯೇ ಇದು. ಈ ಸಲ ಪ್ರಶಸ್ತಿ ಅವರದಾಯಿತು.

ಒಡೆದ ಜೋಡಿಗೆ ಎರಡನೇ ಸಲ ಹಾಗೆ ಕೂಡಿಬರುವುದಿಲ್ಲ ಎಂದು ಆಗ ನಾನೂ ಅಂದುಕೊಂಡಿದ್ದೆ. ಫೋರ್ಟ್‌ವರ್ತ್‌ನಲ್ಲಿ 7–2ರಿಂದ ಮೇಲೆದ್ದ ಕುದೆರ್ಮೆಟೋವಾ ಮತ್ತು ಮರ್ಟೆನ್ಸ್ ಕೂಡ ಆ ಗೆಲುವಿನ ಮೇಲೆ ಬೇರೆ ಬೇರೆ ಜೊತೆಗಾತಿಯರನ್ನು ಹುಡುಕಿಕೊಂಡು ಹೋದರು. 2025ರಲ್ಲಿ ಮತ್ತೆ ಸೇರಿದರು. ವಿಂಬಲ್ಡನ್ ಫೈನಲ್‌ನಲ್ಲಿ ಮೊದಲ ಸೆಟ್ ಸೋತು ಶಿಯೆ ಸು ವೀ ಮತ್ತು ಯೆಲೆನಾ ಒಸ್ಟಾಪೆಂಕೊ ಜೋಡಿಯನ್ನು ಹಿಮ್ಮೆಟ್ಟಿಸಿದರು. ನವೆಂಬರ್‌ನಲ್ಲಿ ರಿಯಾದ್‌ನ ಒಳಾಂಗಣದಲ್ಲಿ ಟಿಮಿಯಾ ಬಾಬೋಸ್ ಮತ್ತು ಲೂಯಿಸಾ ಸ್ಟೆಫಾನಿ ಎದುರು ಮೊದಲ ಸೆಟ್ಟನ್ನು ಟೈಬ್ರೇಕ್‌ನಲ್ಲಿ ಗೆದ್ದು, ಎರಡನೆಯದನ್ನು 6–1ರಿಂದ ಮುಗಿಸಿ, ನವ್ರಾಟಿಲೋವಾ ಹೆಸರಿನ ಟ್ರೋಫಿಯನ್ನು ಎರಡನೇ ಬಾರಿ ಒಟ್ಟಿಗೆ ಎತ್ತಿಕೊಂಡರು.